ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?

ಅಂಗಡಿಗೆ ಬಂದವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ. "ಒಂದು ಒಳ್ಳೇ ಪುಸ್ತಕ ಕೊಡಿ." ಒಳ್ಳೇ ಅಕ್ಕಿ ಕೊಡಿ ಅಂದ ಹಾಗೆ. ಅಕ್ಕಿಯಾದರೆ ಎರಡು ಕಾಳು ಬಾಯಿಗೆ ಹಾಕಿಕೊಂಡು ಹೇಳಬಹುದು. ಪುಸ್ತಕಕ್ಕೆ ಹಾಗೆ ಮಾಡಲು ಬರುವುದಿಲ್ಲ. ಉಣ್ಣುವವರು ಯಾರು ಅಂತ ಮೊದಲು ಗೊತ್ತಾಗಬೇಕು.

ಮೊದಮೊದಲು ನಾನು "ಈವರೆಗೆ ಏನೇನು ಓದಿದ್ದೀರಿ?" ಅಂತ ಕೇಳುತ್ತಿದ್ದೆ. ದಡ್ಡ ಪ್ರಶ್ನೆ ಅದು. ಓದಿದ್ದರ ಬಗ್ಗೆ ಜನ ಸುಳ್ಳು ಹೇಳುತ್ತಾರೆ. ಬೇಕಂತ ಅಲ್ಲ, ಸಂಕೋಚಕ್ಕೆ. ಪಿಯುಸಿಯಲ್ಲಿ ಪಾಠವಾಗಿದ್ದ ನಾಲ್ಕು ಪುಟವನ್ನೇ ಇಡೀ ಕಾದಂಬರಿಯ ಲೆಕ್ಕಕ್ಕೆ ಹಿಡಿದವರಿದ್ದಾರೆ. ಸಿನಿಮಾ ನೋಡಿ ಪುಸ್ತಕ ಓದಿದ್ದೇನೆ ಅಂದವರಂತೂ ಬೇಕಾದಷ್ಟು. ಅವರ ಮಾತು ನಂಬಿ ಪುಸ್ತಕ ಕೊಟ್ಟರೆ ಅದು ಅವರ ಮನೆಯ ಶೋಕೇಸಿನಲ್ಲಿ ಚನ್ನಪಟ್ಟಣದ ಗೊಂಬೆ ಪಕ್ಕ ನಿಂತುಬಿಡುತ್ತದೆ.

ಈಗ ಬೇರೆ ಕೇಳುತ್ತೇನೆ. "ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು?"

ಮೊದಲು ಗಲಿಬಿಲಿ. ಆಮೇಲೆ ಒಂದು ಕಳ್ಳನಗು. ಆಮೇಲೆ ನಿಜ ಹೊರಗೆ ಬರುತ್ತದೆ. ಎಷ್ಟನೇ ಪುಟದಲ್ಲಿ ನಿಲ್ಲಿಸಿದರು, ಯಾಕೆ, ಆಗ ಮನೆಯಲ್ಲಿ ಏನು ನಡೆದಿತ್ತು, ಎಲ್ಲ ಹೇಳುತ್ತಾರೆ. ಓದಿ ಮುಗಿಸಿದ ಪುಸ್ತಕಕ್ಕಿಂತ ಬಿಟ್ಟ ಪುಸ್ತಕ ಒಬ್ಬರ ಬಗ್ಗೆ ಜಾಸ್ತಿ ಹೇಳುತ್ತದೆ ಅಂತ ನನಗೆ ಅನ್ನಿಸಿದ್ದು ಹೀಗೆ.

ನನ್ನ ಅಂಗಡಿ ಸಾಗರದಲ್ಲಿದೆ. ಶುರು ಮಾಡಿದ್ದು 1998ರಲ್ಲಿ. ದೊಡ್ಡ ಅಂಗಡಿಯೇನಲ್ಲ. ನಿಜ ಹೇಳಬೇಕೆಂದರೆ ನನ್ನ ಹೊಟ್ಟೆ ತುಂಬಿಸುವುದು ಕಾದಂಬರಿ ಅಲ್ಲ, ಜೂನ್ ತಿಂಗಳ ನೋಟ್‌ಬುಕ್ಕು, ಗೈಡು, ಬೈಂಡ್ ಹಾಕುವ ಕಂದು ಕಾಗದ, ಹೆಸರು ಬರೆಯುವ ಲೇಬಲ್ಲು. 200 ರೂಪಾಯಿಯ ಕಥಾಸಂಕಲನ ಮಾರಿದರೆ ಕೈಯಲ್ಲಿ ಉಳಿಯುವುದು 50 ಅಥವಾ 60. ಹಾಗಾಗಿ ಸಾಹಿತ್ಯಕ್ಕೆ ಅಂತ ಇರುವುದು ಹಿಂದಿನ ಗೋಡೆಯ ಮೂರು ಕಪಾಟು. ಆದರೆ ನಾನು ಕೂರುವುದು ಆ ಕಪಾಟುಗಳ ಕಡೆ ಮುಖ ಮಾಡಿ. ಗಿರಾಕಿಗಳಿಗೆ ಬೆನ್ನು ಕಾಣುತ್ತದೆ ಅಂತ ಮನೆಯವಳ ತಕರಾರು ಇದೆ.

ನಮ್ಮ ಕಡೆ ಓದುವವರಿಗೆ ಒಂದು ಕಾಲ ಇದೆ. ಮಳೆಗಾಲ. ಮೇ ತಿಂಗಳಲ್ಲಿ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಕಟ್ಟಿಗೆ ಎಲ್ಲ ಒಳಗೆ ತುಂಬಿಸಿಡುತ್ತಾರಲ್ಲ, ಹಾಗೆ ಕೆಲವರು ಪುಸ್ತಕವನ್ನೂ ಒಯ್ದಿಡುತ್ತಾರೆ. ಅಡಿಕೆ ಮಾರಿದ ದುಡ್ಡು ಕೈಯಲ್ಲಿರುವ ವರ್ಷ ಎಂಟು ಪುಸ್ತಕ, ಕೊಳೆ ರೋಗ ಬಂದ ವರ್ಷದ ಮರುವರ್ಷ ಎರಡು. ಕನ್ನಡ ಪುಸ್ತಕೋದ್ಯಮದ ಬಗ್ಗೆ ಯಾರಾದರೂ ಭಾಷಣ ಮಾಡಿದಾಗ ನನಗೆ ಮೊದಲು ನೆನಪಾಗುವುದು ಅಡಿಕೆ ಮಂಡಿಯ ದರಪಟ್ಟಿ.

ಬೇರೆಯವರನ್ನು ಕೇಳುವ ಮೊದಲು ನನ್ನದು ಹೇಳಿಬಿಡುತ್ತೇನೆ. 'ಮಲೆಗಳಲ್ಲಿ ಮದುಮಗಳು' ನಾನು ಎರಡು ಸಲ ಅರ್ಧಕ್ಕೆ ಬಿಟ್ಟವನು. ಅರ್ಧ ಅಂದರೆ ಜಂಬವಾಯಿತು, ನೂರು ಪುಟವೂ ದಾಟಿರಲಿಲ್ಲ. ಏಳುನೂರು ಪುಟದ ಆಸುಪಾಸಿನ ಕಾದಂಬರಿ. ನನಗೆ ಆಗ 19 ವರ್ಷ. ಕುವೆಂಪು ಬರೆದದ್ದು ನಮ್ಮ ಜಿಲ್ಲೆಯ ಕತೆ, ನಾನು ಓದದೆ ಇನ್ಯಾರು ಓದುವುದು ಅಂತ ಹಿಡಿದೆ. ಸಿಂಬಾವಿ ಬಂತು, ಹಳೆಮನೆ ಬಂತು, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು ಬಂತು. ಒಂದೊಂದು ಮನೆಗೆ ಒಬ್ಬೊಬ್ಬ ಹೆಗ್ಗಡೆ, ಗೌಡ, ನಾಯಕ. ಅವರ ಹೆಂಡಂದಿರು, ಆಳುಗಳು, ಮಕ್ಕಳು, ನಾಯಿಗಳು. ಇದು ಯಾರ ಕತೆ ಅಂತಲೇ ತಿಳಿಯಲಿಲ್ಲ. ಬಿಟ್ಟೆ. ಅಂಗಡಿ ಹಾಕಿದ ಮೇಲೆ ಮತ್ತೊಮ್ಮೆ ಹಿಡಿದೆ, ಮತ್ತೆ ಅದೇ ಜಾಗದಲ್ಲಿ ಬಿಟ್ಟೆ.

ಮೂರನೇ ಸಲ ಒಂದು ಆಷಾಢದಲ್ಲಿ. ಮೂರು ದಿನ ಬಿಡದೆ ಮಳೆ, ಅಂಗಡಿಗೆ ಒಂದು ನರಪಿಳ್ಳೆ ಇಲ್ಲ. ಆಗ ಹೊಳೆಯಿತು, ನಾನು ಆ ಕಾದಂಬರಿಯಲ್ಲಿ ಹೀರೋ ಹುಡುಕುತ್ತಿದ್ದೆ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಅಂತ ಕುವೆಂಪು ಮೊದಲೇ ಅಚ್ಚು ಹಾಕಿಸಿ ಹೇಳಿದ್ದಾರೆ. ನಾವು ಅದನ್ನು ಯಾವುದೋ ದೊಡ್ಡ ತತ್ವ ಅಂದುಕೊಂಡು ಪುಟ ತಿರುಗಿಸುತ್ತೇವೆ. ಅದು ಓದುವ ಕ್ರಮ, ಮಾರಾಯ್ರೇ! ಔಷಧಿ ಬಾಟಲಿ ಮೇಲೆ ಊಟಕ್ಕೆ ಮೊದಲೋ ಆಮೇಲೋ ಅಂತ ಬರೆದಿರುವ ಹಾಗೆ. ನಾನು ಆ ಸಲ ಹೀರೋ ಹುಡುಕುವುದು ಬಿಟ್ಟು ನಾಯಿಗುತ್ತಿಯ ಹಿಂದೆ ಹೊರಟೆ. ಅವನ ಜತೆ ಅವನ ನಾಯಿ ಹುಲಿಯ. ಗುತ್ತಿ ಎಲ್ಲಿಗೆ ಹೋಗುತ್ತಾನೋ ಅಲ್ಲಿಗೆ. ಅವನು ನಿಂತಲ್ಲಿ ನಿಂತೆ. ಅವನು ಕಾಡಿಗೆ ನುಗ್ಗಿದಲ್ಲಿ ನುಗ್ಗಿದೆ. ಹಾಗೆ ನಡೆಯುತ್ತಾ ಬಿಲ್ ಪುಸ್ತಕದ ಹಿಂದಿನ ಹಾಳೆಯ ಮೇಲೆ ಮನೆಗಳ ನಕ್ಷೆ ಬರೆದುಕೊಂಡೆ. ಯಾವ ಮನೆಯಿಂದ ಯಾವ ಮನೆಗೆ ದಾರಿ, ನಡುವೆ ಗುಡ್ಡ, ಯಾವ ಮನೆಯಲ್ಲಿ ಯಾರು.

ಆ ನಕ್ಷೆಯ ಜೆರಾಕ್ಸ್ ಈಗಲೂ ಇದೆ. 'ಮದುಮಗಳು' ಒಯ್ಯುವವರಿಗೆ ಪುಸ್ತಕದ ಜತೆ ಒಂದು ಪ್ರತಿ ಪುಕ್ಕಟೆ. ತೀರ್ಥಹಳ್ಳಿ ಕಡೆಯ ಮೇಷ್ಟರೊಬ್ಬರು ಅದನ್ನು ನೋಡಿ, "ಸಿಂಬಾವಿಯನ್ನ ಎಲ್ಲಿಗೆ ತಗೊಂಡು ಹೋಗಿ ಇಟ್ಟಿದೀರಿ ನೀವು?" ಅಂತ ಕೆಂಪು ಪೆನ್ನಿನಲ್ಲಿ ತಿದ್ದಿಕೊಟ್ಟರು. ಈಗ ಕೊಡುವುದು ಆ ತಿದ್ದಿದ ನಕ್ಷೆ. ಹುಲಿಯನ ಕತೆ ಮಾತ್ರ ಯಾರಿಗೂ ಮೊದಲೇ ಹೇಳುವುದಿಲ್ಲ. ಕೊನೆಯಲ್ಲಿ ತುಂಗೆ ದಾಟುವ ಪುಟಗಳಿಗೆ ಬಂದಾಗ ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿ ಬೈದವರಿದ್ದಾರೆ.

ಈ ಕಾದಂಬರಿ ಬಂದದ್ದು 1967ರಲ್ಲಿ. ಹತ್ತೊಂಬತ್ತಕ್ಕೆ ಓದಲಾಗದ್ದು ಮೂವತ್ತಕ್ಕೆ ಓದಲಾಯಿತು ಅಂದರೆ ಪುಸ್ತಕವೇನೂ ಬದಲಾಗಿರಲಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿದ್ದೆ, ಸಾಲ ಮಾಡಿದ್ದೆ, ಅಪ್ಪನನ್ನು ಕಳೆದುಕೊಂಡಿದ್ದೆ. ಒಂದು ಮನೆಯೊಳಗೆ ಎಷ್ಟು ಕತೆ ಇರುತ್ತದೆ ಅಂತ ಗೊತ್ತಾಗಿತ್ತು. ಹಾಗಾಗಿ ಯಾರಾದರೂ ದೊಡ್ಡ ಪುಸ್ತಕ ಬಿಟ್ಟೆ ಅಂತ ತಲೆ ತಗ್ಗಿಸಿದರೆ ನಾನು ಸಮಾಧಾನ ಹೇಳುವುದಿಲ್ಲ. ಎಲ್ಲಿ ಬಿಟ್ಟಿರಿ, ಆ ಪುಟದಲ್ಲಿ ಒಂದು ಬಸ್ ಟಿಕೆಟ್ ಇಟ್ಟುಬಿಡಿ ಅನ್ನುತ್ತೇನೆ.

ತೆಳು ಪುಸ್ತಕಗಳ ವಿಚಾರಕ್ಕೆ ಬರುತ್ತೇನೆ. "ಸಮಯ ಇಲ್ಲ" ಅನ್ನುವವರಿಗೆ ಅವೇ ಗತಿ. ತಾಳಗುಪ್ಪದಿಂದ ಬರುವ ರಾತ್ರಿ ರೈಲಿಗೆ ಬೆಂಗಳೂರಿಗೆ ಹೊರಟ ಹುಡುಗ ಹುಡುಗಿಯರು ಸಂಜೆ ಅಂಗಡಿಗೆ ಇಣುಕುತ್ತಾರೆ. ಅವರಿಗೆ ನಾನು ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಡುತ್ತೇನೆ. ಬಾಡಿಗೆ ಮನೆಯಲ್ಲಿ ಇರುವೆಗಳ ಜತೆ ಗುದ್ದಾಡುತ್ತಿದ್ದ ಮನೆಮಂದಿಗೆ ಮಸಾಲೆ ಪುಡಿ ವ್ಯಾಪಾರದಿಂದ ದಿಢೀರನೆ ದುಡ್ಡು ಬರುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದೇ ಕತೆ. ಓದುತ್ತಾ ಕತ್ತಿನ ಹಿಂದೆ ತಣ್ಣಗಾಗುತ್ತದೆ. ಅದು ಮುಗಿದ ಮೇಲೆ ನಿದ್ದೆ ಬರಲಿಲ್ಲ ಅಂತ ಒಬ್ಬಳು ಯಶವಂತಪುರದಿಂದ ಬೆಳಿಗ್ಗೆ ಮೆಸೇಜ್ ಮಾಡಿದ್ದಳು. ಅದು ದೂರೋ ಹೊಗಳಿಕೆಯೋ ಗೊತ್ತಾಗಲಿಲ್ಲ.

ರೈಲಲ್ಲ, ಬಸ್ಸಿಗೆ ಬೇಕು ಅಂದರೆ ಜಯಂತ ಕಾಯ್ಕಿಣಿ. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎರಡು ಕತೆ ಆರಾಮಾಗಿ ಮುಗಿಯುತ್ತವೆ. 'ದಗಡೂ ಪರಬನ ಅಶ್ವಮೇಧ' ಅಂತ ಒಂದು ಕತೆ ಇದೆ. ಮುಂಬಯಿಯಲ್ಲಿ ಮದುವೆ ಮೆರವಣಿಗೆ. ಮದುಮಗನನ್ನು ಕೂರಿಸಿದ ಕುದುರೆ ಅವನನ್ನು ಹೊತ್ತುಕೊಂಡೇ ಓಡಿಬಿಡುತ್ತದೆ. ಇಷ್ಟು ಹೇಳಿ ಪುಸ್ತಕ ಕೈಗಿಟ್ಟರೆ ಸಾಕು, ಯಾರೂ ಬೇಡ ಅಂದದ್ದಿಲ್ಲ. ಕುದುರೆ ಎಲ್ಲಿಗೆ ಹೋಯಿತು ಅಂತ ಎಲ್ಲರಿಗೂ ತಿಳಿಯಬೇಕು.

ತೇಜಸ್ವಿಯವರ 'ಕರ್ವಾಲೊ' ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ ಅಲ್ವಾ? ನಾನು ಅದನ್ನು ಯಾರಿಗೂ ಶಿಫಾರಸು ಮಾಡುವುದು ಬಿಟ್ಟಿದ್ದೇನೆ. ಕೊಟ್ಟರೆ ಎಲ್ಲರಿಗೂ ಹಿಡಿಸುತ್ತದೆ. ಅದೇ ತೊಂದರೆ. ಕೊಟ್ಟವನಿಗೆ ಕೆಲಸವೇ ಇಲ್ಲ. 1980ರಿಂದ ಆ ಹಾರುವ ಓತಿ ತಾನೇ ಹಾರಿಕೊಂಡು ಓದುಗರ ಮನೆ ಸೇರುತ್ತಿದೆ, ನಡುವೆ ನಾನು ಯಾಕೆ? ತೇಜಸ್ವಿಯವರದ್ದು ನಾನು ಕೊಡುವುದು ಬೇರೆ. ಓದು ಅಂದರೆ ಓಡಿಹೋಗುವ ಎಂಟನೇ ಕ್ಲಾಸಿನ ಹುಡುಗರನ್ನು ಅಮ್ಮಂದಿರು ರಟ್ಟೆ ಹಿಡಿದು ಕರೆತರುತ್ತಾರೆ. "ನೀತಿ ಇರೋದು ಕೊಡಿ" ಅನ್ನುತ್ತಾರೆ. ನಾನು ಹೂಂ ಅಂದು, ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕತೆಗಳು' ಕೊಡುತ್ತೇನೆ. ಹೆಸರು ಕೇಳಿದರೇ ಹುಡುಗರ ಕಿವಿ ನಿಮಿರುತ್ತದೆ: 'ಬೆಳ್ಳಂದೂರಿನ ನರಭಕ್ಷಕ', 'ಪೆದ್ದಚೆರುವಿನ ರಾಕ್ಷಸ', 'ಜಾಲಹಳ್ಳಿಯ ಕುರ್ಕ', 'ಮುನಿಶಾಮಿ ಮತ್ತು ಮಾಗಡಿ ಚಿರತೆ'. ನಾಲ್ಕು ಭಾಗ. ಒಂದನ್ನು ಒಯ್ದವನು ಎರಡನೆಯದಕ್ಕೆ ಅಮ್ಮನನ್ನು ಬಿಟ್ಟು ಒಬ್ಬನೇ ಬರುತ್ತಾನೆ. ನೀತಿ ಎಲ್ಲಿದೆ ಅಂತ ಇವತ್ತಿನವರೆಗೆ ಯಾವ ಅಮ್ಮನೂ ವಾಪಸು ಬಂದು ಕೇಳಿಲ್ಲ.

ಕತೆಯೇ ಬೇಡ ಅನ್ನುವ ಜಾತಿಯೂ ಒಂದಿದೆ. "ಕಟ್ಟುಕತೆ ಓದಿ ಏನು ಸಿಗ್ತದೆ?" ಅನ್ನುವ ತೋಟದವರು. ಅವರು ಅರ್ಧಕ್ಕೆ ಬಿಟ್ಟ ಪುಸ್ತಕ ಕೇಳಿದರೆ, ಎಲ್ಲವೂ ಕಾದಂಬರಿಗಳೇ. ಅಂಥವರಿಗೆ ಬಿ.ಜಿ.ಎಲ್. ಸ್ವಾಮಿ. ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರು. ಕನ್ನಡದಲ್ಲಿ ಇಷ್ಟು ತುಂಟತನದಿಂದ ವಿಜ್ಞಾನ ಬರೆದವರು ಇನ್ನೊಬ್ಬರಿಲ್ಲ ಅಂತ ನನ್ನ ಹಟ. 'ಹಸುರು ಹೊನ್ನು' ಪುಸ್ತಕದಲ್ಲಿ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡಿಗೆ ಹೋಗುತ್ತಾರೆ. ಗಿಡಗಳ ಚಿತ್ರ ತಾವೇ ಬರೆದಿದ್ದಾರೆ. ಗಿಡದ ಹೆಸರು, ಅದರ ಕುಲಗೋತ್ರ, ಅದರ ಮೇಲೆ ಹಳೇ ಕವಿಗಳು ಬರೆದದ್ದು, ಹುಡುಗರ ಚೇಷ್ಟೆ, ತಿಂಡಿಯ ಫಜೀತಿ, ಎಲ್ಲ ಒಟ್ಟಿಗೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇದಕ್ಕೆ. ಗಿಡಮರಗಳ ಪುಸ್ತಕಕ್ಕೆ!

ಇನ್ನೊಂದು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ'. ಹೆಸರು ನೋಡಿ ಅಡುಗೆ ಪುಸ್ತಕದ ಸಾಲಿಗೆ ಇಟ್ಟಿದ್ದ ನಮ್ಮ ಅಂಗಡಿ ಹುಡುಗ. ಪೂರ್ತಿ ತಪ್ಪೇನಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಕಡಲೆಕಾಯಿ, ಇವ್ಯಾವುವೂ ನಮ್ಮವಲ್ಲ, ಹಡಗು ಹತ್ತಿ ಬಂದವು ಅಂತ ಸ್ವಾಮಿ ಒಂದೊಂದಾಗಿ ಬಿಡಿಸುತ್ತಾ ಹೋಗುತ್ತಾರೆ. ಮಡಿ ಅಡುಗೆಯ ಬಗ್ಗೆ ಬಹಳ ಮಾತಾಡುವ ಒಬ್ಬ ಭಟ್ಟರಿಗೆ ಬೇಕಂತಲೇ ಕೊಟ್ಟೆ. ಎರಡು ವಾರ ಬಿಟ್ಟು ಬಂದರು. "ಹಾಗಾದರೆ ಹಿಂದಿನವರು ಸಾರಿಗೆ ಏನು ಹಾಕ್ತಿದ್ದರು ಮಾರಾಯ್ರೇ?" ಅಂತ ನಿಜವಾದ ಕಳವಳದಿಂದ ಕೇಳಿದರು. ಕಾಳುಮೆಣಸು ಅಂದೆ. ತಮ್ಮ ತೋಟದಲ್ಲೇ ಬಳ್ಳಿ ಇರುವವರು, ಆದರೂ ಆ ಉತ್ತರ ಅವರಿಗೆ ಸಮಾಧಾನ ಕೊಡಲಿಲ್ಲ.

ನಡುವೆ ಒಂದು ಮಾತು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತಲ್ಲ, ದೀಪಾ ಭಾಸ್ತಿಯವರ ಅನುವಾದ 'ಹಾರ್ಟ್ ಲ್ಯಾಂಪ್'ಗೆ, ಆ ವಾರ ನನ್ನ ಅಂಗಡಿಗೆ ಯಾವತ್ತೂ ಬರದವರೆಲ್ಲ ಬಂದರು. ಕಾಲೇಜು ಹುಡುಗಿಯೊಬ್ಬಳು, "ಸರ್, ಇದು ಕನ್ನಡಕ್ಕೆ ಟ್ರಾನ್ಸ್‌ಲೇಟ್ ಆಗಿದ್ಯಾ?" ಅಂದಳು. ನಗು ಬಂತು, ಸಂಕಟವೂ ಆಯಿತು. 1990ರಿಂದ 2023ರ ತನಕ ಕನ್ನಡದಲ್ಲೇ ಬರೆದ ಕತೆಗಳಿಂದ ಹನ್ನೆರಡನ್ನು ಆರಿಸಿ ಅನುವಾದಿಸಿದ್ದು ಅಂತ ವಿವರಿಸಿದೆ. "ಹೌದಾ, ಹಾಗಾದರೆ ನಮ್ಮದೇನಾ?" ಅಂದಳು. ಅವಳನ್ನು ಬೈಯುವುದು ಹೇಗೆ? ಆ ಕತೆಗಳು ಇಷ್ಟು ವರ್ಷ ನನ್ನ ಕಪಾಟಿನಲ್ಲೂ ಎರಡನೇ ಸಾಲಿನ ಹಿಂದೆಯೇ ಇದ್ದವು.

ಪ್ರಶಸ್ತಿ ಬಂದಾಗ ಮಾರಾಟ ಏರುತ್ತದೆ. ಲೇಖಕರು ತೀರಿಕೊಂಡಾಗ ಇನ್ನೂ ಏರುತ್ತದೆ. ಹೇಳಲು ಕಷ್ಟ, ಆದರೆ ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ಹೋದ ದಿನ ಸಂಜೆಯೊಳಗೆ ನನ್ನಲ್ಲಿದ್ದ 'ಪರ್ವ', 'ಗೃಹಭಂಗ' ಎರಡೂ ಖಾಲಿ. ಕೊಂಡವರಲ್ಲಿ ಎಷ್ಟು ಮಂದಿ ಮುಗಿಸಿದರೋ. ಆರು ತಿಂಗಳು ಬಿಟ್ಟು ಅವರನ್ನೆಲ್ಲ ನನ್ನ ಪ್ರಶ್ನೆ ಕೇಳಬೇಕು ಅಂದುಕೊಂಡಿದ್ದೇನೆ.

ಯಾರೂ ಅರ್ಧಕ್ಕೆ ಬಿಡದ ಒಂದೇ ಪುಸ್ತಕ 'ಮಂಕುತಿಮ್ಮನ ಕಗ್ಗ'. ಯಾಕೆಂದರೆ ಅದನ್ನು ಯಾರೂ ಮೊದಲ ಪುಟದಿಂದ ಶುರು ಮಾಡುವುದೇ ಇಲ್ಲ. 945 ಪದ್ಯ. ಎಲ್ಲಿ ಬೇಕಾದರೂ ತೆರೆ, ಎಲ್ಲಿ ಬೇಕಾದರೂ ಮುಚ್ಚು. ಮದುವೆ, ಗೃಹಪ್ರವೇಶ, ನಿವೃತ್ತಿ, ಏನೇ ಇರಲಿ ಕಗ್ಗ ಉಡುಗೊರೆ. ಮದುವೆಗೆ ಕಗ್ಗ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬದುಕಿನ ಕಷ್ಟಸುಖದ ಪಾಠ ಹೇಗೂ ಮುಂದೆ ಇದೆ, ಮೊದಲ ವಾರವೇ ಯಾಕೆ? ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' ಒಯ್ಯಿರಿ ಅಂತ ಹೇಳಿ ನೋಡುತ್ತೇನೆ. ಹತ್ತರಲ್ಲಿ ಇಬ್ಬರು ಕೇಳುತ್ತಾರೆ.

ಮಧ್ಯವಯಸ್ಸಿನ ಹೆಂಗಸರು ಅಂಗಡಿಯೊಳಗೆ ಬರುವ ರೀತಿಯೇ ಬೇರೆ. ಮಗನಿಗೆ ಜಾಮಿಟ್ರಿ ಬಾಕ್ಸ್ ಕೊಳ್ಳುವ ನೆಪದಲ್ಲಿ ಬಂದು ಕಪಾಟಿನ ಹತ್ತಿರ ಎರಡು ನಿಮಿಷ ನಿಲ್ಲುತ್ತಾರೆ. ಹಾಗೆ ನಿಂತ ಒಬ್ಬ ಅಕ್ಕ, ಕೇಳಿದ್ದಕ್ಕೆ, ತಾನು ಬಿಟ್ಟಿದ್ದು ಒಂದು ಪುಸ್ತಕ ಅಲ್ಲ, ಓದುವುದನ್ನೇ ಬಿಟ್ಟಿದ್ದು ಅಂದರು. ಮದುವೆಯಾದ ವರ್ಷ. "ಈ ವಯಸ್ಸಲ್ಲಿ ಮತ್ತೆ ಶುರು ಮಾಡಿ ಏನಾಗಬೇಕು ಬಿಡಿ." ಅವರಿಗೆ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕೊಟ್ಟೆ. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರು ಬರೆಯಲು ಶುರು ಮಾಡಿದ ವಯಸ್ಸಿಗೆ ನೀವು ಓದಲು ಶುರು ಮಾಡಿ ಅಂದೆ. ಬಾಲವಿಧವೆಯೊಬ್ಬಳು ತುಂಬಿದ ಮನೆಯಲ್ಲಿ ಎಲ್ಲರ ಬಾಣಂತನ, ಎಲ್ಲರ ಅಡುಗೆ ಮಾಡುತ್ತಾ ಬದುಕು ಸವೆಸುವ ಕತೆ. ಕೊನೆಗೆ ಅವಳು ಇನ್ನೊಬ್ಬ ಹುಡುಗಿಯ ಪರ ನಿಲ್ಲುತ್ತಾಳೆ. ಗದ್ದಲವಿಲ್ಲ, ಘೋಷಣೆಯಿಲ್ಲ. ಆ ಅಕ್ಕ ಈಗ ತಿಂಗಳಿಗೆ ಒಂದು ಪುಸ್ತಕ ಒಯ್ಯುತ್ತಾರೆ. ಜಾಮಿಟ್ರಿ ಬಾಕ್ಸಿನ ನೆಪ ಬಿಟ್ಟಿದ್ದಾರೆ.

ಇದನ್ನೆಲ್ಲ ಓದಿ ನಾನು ಯಾವಾಗಲೂ ಸರಿಯಾದ ಪುಸ್ತಕವನ್ನೇ ಕೊಡುತ್ತೇನೆ ಅಂದುಕೊಳ್ಳಬೇಡಿ. ಒಂದು ಸಲ ಬಹಳ ಕೆಟ್ಟದಾಗಿ ತಪ್ಪಿದ್ದೇನೆ.

ಶಿವರಾಮ ಕಾರಂತರ 'ಬೆಟ್ಟದ ಜೀವ' ನನಗೆ ಎಲ್ಲಕ್ಕಿಂತ ಇಷ್ಟದ ಪುಸ್ತಕ. 1943ರದ್ದು. ಸುಬ್ರಹ್ಮಣ್ಯದ ಹತ್ತಿರ, ಕುಮಾರಪರ್ವತದ ತಪ್ಪಲಲ್ಲಿ ಗೋಪಾಲಯ್ಯ ಅಂತ ಒಬ್ಬ ಮುದುಕ. ಕಾಡು ಕಡಿದು ತೋಟ ಮಾಡಿದವನು. ಆನೆ, ಹುಲಿಗಳ ನಡುವೆ ಬದುಕಿದವನು. ದಾರಿ ತಪ್ಪಿ ಬಂದ ಅಪರಿಚಿತನನ್ನು ಹಿಡಿದು ಕೂರಿಸಿ ಉಪಚಾರ ಮಾಡುವ ಅವನ ಹುಮ್ಮಸ್ಸು ನೋಡಬೇಕು. ಹೊರಟೆ ಅಂದರೆ ಬಿಡುವುದಿಲ್ಲ. ಇನ್ನೊಂದು ದಿನ, ಇನ್ನೊಂದು ದಿನ. ಅವನ ಹೆಂಡತಿ ಶಂಕರಮ್ಮ. ಓದುತ್ತಾ ಹೋದ ಹಾಗೆ ತಿಳಿಯುತ್ತದೆ, ಆ ಗಟ್ಟಿ ನಗುವಿನ ಕೆಳಗೆ ಏನಿದೆ ಅಂತ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಬಂದವರ ಬಾಯಲ್ಲಿ ಎಲ್ಲಾದರೂ ಅವನ ಸುದ್ದಿ ಸಿಕ್ಕೀತೇ ಅಂತ ಆ ಇಬ್ಬರೂ ಕಾಯುತ್ತಿದ್ದಾರೆ.

ನಮ್ಮ ಊರ ಕಡೆಯ ಒಬ್ಬ ಹಿರಿಯರು. ತೋಟ ಇದೆ, ಹಿಂದೆ ಮುಂದೆ ಗುಡ್ಡ ಇದೆ, ದೊಡ್ಡ ಮನೆ ಇದೆ, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಗ ಅಮೆರಿಕದಲ್ಲಿ. ಒಳ್ಳೇ ಓದುಗರು, ಕಾರಂತರ ಉಳಿದದ್ದೆಲ್ಲ ಓದಿದ್ದರು, ಇದೊಂದು ಹೇಗೋ ತಪ್ಪಿತ್ತು. ನಾನು ಖುಷಿಯಿಂದ ಒತ್ತಾಯ ಮಾಡಿ ಕೊಟ್ಟೆ. ನನ್ನ ಇಷ್ಟದ ಪುಸ್ತಕ ಅಲ್ವಾ, ಎದುರಿಗಿರುವವರು ಯಾರು ಅಂತ ನೋಡುವುದೇ ಮರೆತೆ. ಹತ್ತು ದಿನಕ್ಕೆ ಬಂದರು. ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿತ್ತು. ಅದನ್ನು ಮೇಜಿನ ಮೇಲಿಟ್ಟು, "ತಮಾ, ಇದು ಬ್ಯಾಡ. ಬೇರೆ ಎಂತಾದ್ರೂ ಕೊಡು" ಅಂದರು.

"ಯಾಕೆ, ಹಿಡಿಸಲಿಲ್ಲವಾ?" ಅಂದೆ. ನಾಲಿಗೆಗೆ ಬುದ್ಧಿ ಇರಲಿಲ್ಲ.

"ಹಿಡಸ್ತು" ಅಂದರು. "ಅರ್ಧಕ್ಕೆ ನಿಲ್ಸಿದ್ದಿ."

ಅಷ್ಟೇ. ಹೊರಗೆ ಮಳೆ ನೋಡುತ್ತಾ ಸ್ವಲ್ಪ ಹೊತ್ತು ನಿಂತರು. ನಾನು ಬೀಚಿಯವರ ಒಂದು ಪುಸ್ತಕ ತೆಗೆದುಕೊಟ್ಟೆ. ದುಡ್ಡು ಬೇಡ ಅಂದರೂ ಕೊಟ್ಟೇ ಹೋದರು. ಅವರು ವಾಪಸು ಕೊಟ್ಟ ಆ ಪ್ರತಿ ನನ್ನ ಹತ್ತಿರವೇ ಇದೆ. ಹೊದಿಕೆ ತೆಗೆದಿಲ್ಲ, ಮಾರಿಲ್ಲ. ಪುಸ್ತಕ ದೂರವಾಯಿತು ಅಂತ ಬಿಡುವವರನ್ನು ನಾನು ನೋಡಿದ್ದೆ. ಇಷ್ಟು ಹತ್ತಿರವಾಗಿ ಬಿಟ್ಟವರನ್ನು ನೋಡಿದ್ದು ಅದೇ ಮೊದಲು.

ಪುಸ್ತಕ ಮಾರುವುದು ಅಂದರೆ ಕೂತು ಕಾಯುವ ಕೆಲಸ ಅಂತ ಕೆಲವರಿಗೆ ಅನ್ನಿಸುತ್ತದೆ. ಗಳಗನಾಥರು ತಾವು ಬರೆದ ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿದವರು. ನನ್ನದು ಅದಕ್ಕೆ ಹೋಲಿಸಿದರೆ ಫ್ಯಾನಿನ ಕೆಳಗಿನ ಕೆಲಸ. ಆದರೆ ಮಳೆಗಾಲದಲ್ಲಿ ಇಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯುವುದನ್ನು ನೋಡಿದವರಿಗೇ ಗೊತ್ತು ಕಷ್ಟ. ಕಪಾಟಿನೊಳಗೆ ಒಂದೊಂದು ಬಲ್ಬು ಹಾಕಿ ಉರಿಸಿಡುತ್ತೇನೆ. ದಿನಾ ಒಂದು ಸಾಲು ಇಳಿಸಿ, ಒರೆಸಿ, ಪುಟ ಗಾಳಿಗೆ ಬಿಡಿಸಿ ಇಡಬೇಕು. ಈ ನೆಪದಲ್ಲಿ ಪ್ರತಿ ಪುಸ್ತಕವೂ ವರ್ಷಕ್ಕೆ ಒಂದೆರಡು ಸಲವಾದರೂ ನನ್ನ ಕೈಗೆ ಬರುತ್ತದೆ.

ಹಾಗೆ ಕಳೆದ ಮಳೆಗಾಲದಲ್ಲಿ ಕೈಗೆ ಬಂದದ್ದು ದೇವನೂರ ಮಹಾದೇವರ 'ಕುಸುಮಬಾಲೆ'. ಒಪ್ಪಿಕೊಳ್ಳುತ್ತೇನೆ, ಇದು ನಾನು ಈಗಲೂ ಮುಗಿಸದ ಪುಸ್ತಕ. 1990ರ ಅಕಾಡೆಮಿ ಪ್ರಶಸ್ತಿ ಪಡೆದದ್ದು, ತೆಳ್ಳಗಿನದು, ನನ್ನದೇ ಭಾಷೆಯದು. ಆದರೂ ಹತ್ತಿಪ್ಪತ್ತು ಪುಟಕ್ಕೆ ಎಡವುತ್ತೇನೆ. ಅವರ 'ಒಡಲಾಳ'ದಲ್ಲಿ ಸಾಕವ್ವ ಕಳೆದುಹೋದ ಹುಂಜ ಹುಡುಕುತ್ತಾ ಹೊರಟಾಗ ನಾನೂ ಹಿಂದೆ ಹೋಗಿದ್ದೆ, ಕಷ್ಟವಾಗಿರಲಿಲ್ಲ. 'ಕುಸುಮಬಾಲೆ'ಯಲ್ಲಿ ಹಾಗಲ್ಲ. ನಂಜನಗೂಡು ಸೀಮೆಯ ಆ ಮಾತು ಮಲೆನಾಡಿನ ನನ್ನ ಕಣ್ಣಿಗೆ ಸಿಕ್ಕಿದರೂ ಕಿವಿಗೆ ಸಿಗುವುದಿಲ್ಲ. ನಿಘಂಟು ಇಟ್ಟುಕೊಂಡು ಓದಿದರೆ ಪರೀಕ್ಷೆಗೆ ಕೂತ ಹಾಗಾಗುತ್ತದೆ.

ಅವತ್ತು ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಕಪಾಟಿನ ಬಲ್ಬುಗಳು ಆರಿದ್ದವು. ಬಾಗಿಲ ಹತ್ತಿರದ ಬೆಳಕಿನಲ್ಲಿ ಪುಸ್ತಕ ಒರೆಸುತ್ತಾ ಕೂತಿದ್ದೆ. ನಮ್ಮ ಬೀದಿಗೆ ಹೊಸದಾಗಿ ಬಂದಿದ್ದ ಲೈನ್‌ಮನ್ ಮಳೆಗೆ ಒಳಗೆ ನುಗ್ಗಿ ನಿಂತ. ಚಿಕ್ಕ ವಯಸ್ಸು, ಮೈಸೂರು ಕಡೆಯಿಂದ ವರ್ಗವಾಗಿ ಬಂದವನು. ನಮ್ಮ ಮಳೆಯನ್ನು ದಿನಾ ಬೈಯುವವನು. ರೇನ್‌ಕೋಟಿನಿಂದ ನೀರು ಸೋರುತ್ತಿತ್ತು. ಪುಸ್ತಕದಿಂದ ದೂರ ನಿಲ್ಲಪ್ಪ ಅಂದೆ. ಅವನು ಕೈ ಒರೆಸಿಕೊಂಡು, ಮೇಲಿದ್ದ 'ಕುಸುಮಬಾಲೆ' ಎತ್ತಿಕೊಂಡ. ನಿಂತಲ್ಲೇ ಎರಡು ಸಾಲು ಮನಸ್ಸಿನಲ್ಲಿ ಓದಿದ. ಮುಖ ಅರಳಿತು.

"ಇದೇನ್ ಸಾ! ನಮ್ಮವ್ವ ಮಾತಾಡ್ದಂಗೇ ಅದಲ್ಲಾ!"

ಗಟ್ಟಿಯಾಗಿ ಓದು ಅಂದೆ. ನಾಚಿಕೊಂಡ. ಸುಮ್ನೆ ಓದಯ್ಯಾ, ಹೇಗೂ ಕರೆಂಟ್ ಇಲ್ಲ ಅಂದೆ. ಸ್ಟೂಲು ಎಳೆದುಕೊಂಡು ಕೂತ. ಮೊದಲು ಮೆಲ್ಲಗೆ, ಪಾಠ ಒಪ್ಪಿಸುವ ಹಾಗೆ ಓದಿದ. ಒಂದು ಪುಟ ಆಗುವಷ್ಟರಲ್ಲಿ ಅವನ ದನಿ ಅವನದೇ ಆಯಿತು. ನಾನು ವರ್ಷಗಟ್ಟಲೆ ಎಡವಿದ ಪದಗಳು ಅವನ ಬಾಯಲ್ಲಿ ನೀರಿನ ಹಾಗೆ ಹೋದವು. ಎಲ್ಲಿ ಎಳೆಯಬೇಕು, ಎಲ್ಲಿ ಕಡಿಯಬೇಕು, ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೆಲವು ಕಡೆ ತಾನೇ ನಕ್ಕ. ಒಂದು ಕಡೆ ನಿಲ್ಲಿಸಿ, "ಇದು ಬೈಗುಳ ಸಾ, ಆದ್ರೆ ಪ್ರೀತಿಗ್ ಬೈಯೋದು" ಅಂತ ಟಿಪ್ಪಣಿ ಕೊಟ್ಟ.

ಆ ಕಾದಂಬರಿಯಲ್ಲಿ ದೀಪಗಳು ಮಾತಾಡುವ ಭಾಗ ಬರುತ್ತದೆ. ರಾತ್ರಿ ಮನೆಮನೆಯಲ್ಲಿ ದೀಪ ಆರಿಸಿದ ಮೇಲೆ ಆ ಜೋತಮ್ಮಗಳೆಲ್ಲ ಹೊರಗೆ ಬಂದು ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುತ್ತಾರೆ. ಅದು ಬರುತ್ತದೆ, ಓದು ಓದು ಅಂತ ನಾನು ಅವಸರ ಮಾಡುತ್ತಿದ್ದೆ. "ನಮ್ ಅಜ್ಜಿನೂ ಯೇಳೋಳು ಸಾ ಇದ್ನ" ಅಂದ. ಪುಟ ತಿರುಗಿಸುವಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಎದ್ದ. ಜೇಬಿನಲ್ಲಿದ್ದ ಯಾರದೋ ಮನೆಯ ಕರೆಂಟ್ ಬಿಲ್ಲನ್ನು ಪುಟದ ನಡುವೆ ಇಟ್ಟು, "ಬತ್ತೀನಿ ಸಾ, ನೀವ್ ಮುಂದ್ಕೆ ಓದ್ಬೇಡಿ" ಅಂದು ಮಳೆಯಲ್ಲಿ ಹೋದ.

ಕರೆಂಟ್ ಬಂದದ್ದು ರಾತ್ರಿ ಎಂಟಕ್ಕೆ. ಕಪಾಟಿನ ಬಲ್ಬುಗಳು ಒಟ್ಟಿಗೆ ಹತ್ತಿಕೊಂಡವು. ಪುಸ್ತಕ ಮೇಜಿನ ಮೇಲೇ ಇದೆ. ಅದರೊಳಗೆ ಯಾರದೋ ಬಿಲ್ಲು, 412 ರೂಪಾಯಿಯದು, ಕಟ್ಟಿದ್ದಾರೋ ಇಲ್ಲವೋ. ನಾನು ಮುಂದಕ್ಕೆ ಓದಿಲ್ಲ.